ಹೋಮ್‌ವರ್ಕ್ ಯಾರದ್ದು? ಮನ್ರೋ ಸಾಹೇಬರ ಫಾರ್ಮ್‌ನಿಂದ ಮೊಬೈಲ್ ಆ್ಯಪ್‌ವರೆಗೆ

ಇವತ್ತಿನ ಎಪಿಸೋಡ್ ಹೋಮ್‌ವರ್ಕ್ ಬಗ್ಗೆ. ಮಾಡೋದರ ಬಗ್ಗೆ ಅಲ್ಲ, ಬೇರೆಯವರ ಕೈಲಿ ಮಾಡಿಸ್ಕೊಳ್ಳೋದರ ಬಗ್ಗೆ.

ಲೆಕ್ಕದ ಫೋಟೊ ಹೊಡಿ, ಆ್ಯಪ್‌ಗೆ ಹಾಕು. ಎಲ್ಲೋ ಕೂತ ಯಾರೋ ಉತ್ತರ ಕಳಿಸ್ತಾರೆ. ಅದನ್ನ ನೋಟ್‌ಬುಕ್ಕಿಗೆ ಇಳಿಸಿ, ಬೆಳಿಗ್ಗೆ ಮೇಷ್ಟ್ರ ಸಹಿ ಹಾಕಿಸ್ಕೋ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಯಾವ ಊರಿನ ಹೈಸ್ಕೂಲ್ ಹುಡುಗರನ್ನ ಕೇಳಿದ್ರೂ ಈ ದಾರಿ ಗೊತ್ತು. ದೊಡ್ಡವರು "ಈಗಿನ ಹುಡುಗ್ರು ಕೆಟ್ಟುಹೋದ್ರು" ಅಂತಾರೆ. ಆದರೆ ಪಾಠವನ್ನ ಮೇಷ್ಟ್ರಲ್ಲದವರಿಂದ ಹೇಳಿಸ್ಕೊಳ್ಳೋದು, ಅರ್ಥ ಆಗದೇ ಇದ್ರೂ ಒಪ್ಪಿಸೋದು, ಈ ಎರಡೂ ನಮ್ಮ ಸೀಮೆಯಲ್ಲಿ 200 ವರ್ಷದ ಹಿಂದೆಯೇ ಇದ್ದವು. ಅದು ನಮಗೆ ಗೊತ್ತಾಗಿದ್ದೂ ಒಂದು ಹೋಮ್‌ವರ್ಕ್‌ನಿಂದಲೇ.

ಆ ಹೋಮ್‌ವರ್ಕ್ ಕೊಟ್ಟವರು ಥಾಮಸ್ ಮನ್ರೋ. 1800ರಲ್ಲಿ ನಿಜಾಮರು ಬಳ್ಳಾರಿ ಸೀಮೆಯನ್ನ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟಾಗ ಇಲ್ಲಿಗೆ ಪ್ರಿನ್ಸಿಪಾಲ್ ಕಲೆಕ್ಟರ್ ಆಗಿ ಬಂದವರು. ಮುಂದೆ ಮದ್ರಾಸ್ ಗವರ್ನರ್ ಆದರು. 1822ರ ಜೂನ್‌ನಲ್ಲಿ ಅವರು ಒಂದು ಟಿಪ್ಪಣಿ ಬರೆದರು. ಪ್ರತಿ ಜಿಲ್ಲೆಯಲ್ಲಿ ಎಷ್ಟು ಶಾಲೆ, ಎಷ್ಟು ಮಕ್ಕಳು, ಏನು ಓದ್ತಾರೆ, ಫೀಸು ಎಷ್ಟು, ಎಲ್ಲ ಲೆಕ್ಕ ಬೇಕು ಅಂತ. ಜೊತೆಗೆ ತುಂಬಿಸೋಕೆ ಒಂದು ಫಾರ್ಮ್. ಅದು ಎಲ್ಲ ಕಲೆಕ್ಟರ್‌ಗಳಿಗೂ ಹೋಯಿತು.

ಕ್ಲಾಸಲ್ಲಿ ಆಗೋ ಹಾಗೇ ಆಯಿತು ನೋಡಿ. ಕೆಲವರು ಬರೀ ಪಟ್ಟಿ ತುಂಬಿಸಿ ಕಳಿಸಿದರು. ಕೆನರಾ ಕಲೆಕ್ಟರ್ ಅಂತೂ, ಇದಕ್ಕೆ ತುಂಬಾ ಟೈಮ್ ಹಿಡಿಯುತ್ತೆ, ಉಪಯೋಗವೂ ಇಲ್ಲ ಅನ್ನೋ ಅರ್ಥದಲ್ಲಿ ಪತ್ರ ಬರೆದು ಕೈತೊಳೆದುಕೊಂಡರು. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ಮಾತ್ರ ಒಂದು ವರ್ಷದ ಮೇಲೆ, 1823ರ ಆಗಸ್ಟ್‌ನಲ್ಲಿ ಉತ್ತರ ಕೊಟ್ಟರು. ಲೇಟಾದರೂ ಉದ್ದಕ್ಕೆ, ಯೋಚನೆ ಮಾಡಿ ಬರೆದ ಉತ್ತರ. ಭಾಷೆ ಬಲ್ಲ ಮನುಷ್ಯ, 1816ರಲ್ಲೇ ತೆಲುಗು ವ್ಯಾಕರಣ ಬರೆದಿದ್ದವರು.

ಅವರು ಕೊಟ್ಟ ಲೆಕ್ಕ ಕೇಳಿ. ಜಿಲ್ಲೆಯ ಜನಸಂಖ್ಯೆ 9,27,857. ಶಾಲೆಗಳು 533. ಓದುವ ಮಕ್ಕಳು 6,641. ಅಂದರೆ ಸಾವಿರ ಜನರಲ್ಲಿ ಸುಮಾರು ಏಳು ಮಂದಿ. ಅದರಲ್ಲಿ ಹುಡುಗಿಯರು ಬರೀ 60. ಕನ್ನಡ ಶಾಲೆ 235, ತೆಲುಗು 226, ಮರಾಠಿ 23, ಪರ್ಷಿಯನ್ 21, ತಮಿಳು 4, ಇಂಗ್ಲಿಷ್ ಒಂದೇ ಒಂದು. ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಅನಂತಪುರ ಸೀಮೆಯೂ ಸೇರಿತ್ತು, ಹಾಗಾಗಿ ಇದಷ್ಟೂ ನಮ್ಮ ಐದು ತಾಲೂಕಿನ ಲೆಕ್ಕ ಅಲ್ಲ. ಆದರೆ ನಮ್ಮ ಊರುಗಳೂ ಅದರೊಳಗಿದ್ದವು. ಆಮೇಲೆ ಬೋರ್ಡು ಬದಲಾಗ್ತಾ ಬಂತು. 1953ರಲ್ಲಿ ಮದ್ರಾಸ್ ಬಿಟ್ಟು ಮೈಸೂರಿಗೆ ಬಂದ್ವಿ. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ 2018ರಲ್ಲಿ ವಾಪಸ್ ಬಂತು. 2021ರಿಂದ ಐದೂ ವಿಜಯನಗರ ಜಿಲ್ಲೆ.

ಆ 533 ಶಾಲೆ ಅಂದರೆ ನಮ್ಮ ಅಜ್ಜಂದಿರು ಹೇಳ್ತಿದ್ದ ಕೂಲಿಮಠ, ಐಗಳ ಮಠ. ಕ್ಯಾಂಪ್‌ಬೆಲ್ ಬರೆದ ಪ್ರಕಾರ ಬೆಳಿಗ್ಗೆ ಆರಕ್ಕೆ ಶಾಲೆ. ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿ ಹೆಸರು ಬರೀತಿದ್ರು. ಎರಡನೆಯವನಿಗೆ ಸೊನ್ನೆ, ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹಾಗೇ ಏರ್ತಾ ಹೋಗೋದು. ಲೇಟಾಗಿ ಬಂದವನ ಗತಿ ನೀವೇ ಊಹಿಸ್ಕೊಳ್ಳಿ.

ಈಗ ನಮಗೆ ಬೇಕಾದ ವಿಷಯ. ಚಿಕ್ಕ ಹುಡುಗರಿಗೆ ಪಾಠ ಹೇಳ್ತಿದ್ದದ್ದು ಹೆಚ್ಚಾಗಿ ಐಗಳಲ್ಲ, ಮುಂದಿನ ತರಗತಿಯ ದೊಡ್ಡ ಹುಡುಗರು. ಐಗಳು ಒಟ್ಟು ಮೇಲ್ವಿಚಾರಣೆ ನೋಡ್ಕೊಳ್ತಿದ್ರು. ಗೊತ್ತಾಗದಿದ್ದರೆ ಅಣ್ಣನಂಥ ಹುಡುಗನನ್ನ ಕೇಳು, ಅವನು ಮರಳ ಮೇಲೆ ತಿದ್ದಿಸ್ತಾನೆ. ಕ್ಯಾಂಪ್‌ಬೆಲ್ಲರಿಗೆ ಇದು ಬಹಳ ಮೆಚ್ಚುಗೆಯಾಯಿತು. ಕಾರಣವನ್ನೂ ಹೇಳಿದ್ದಾರೆ: ಹೇಳಿಕೊಡೋ ಹುಡುಗನಿಗೆ ತಾನು ಕಲಿತದ್ದು ಗಟ್ಟಿಯಾಗುತ್ತೆ. ಇದನ್ನ ಇಂಗ್ಲೆಂಡಿನವರು ನಕಲು ಮಾಡಿದ್ದು ಸರಿಯಾಗೇ ಇದೆ ಅಂತಲೂ ಸೇರಿಸಿದ್ದಾರೆ. ಅದೂ ನಿಜ. ಮದ್ರಾಸಿನ ಅನಾಥಾಲಯದಲ್ಲಿ ಆಂಡ್ರೂ ಬೆಲ್ ಅನ್ನೋ ಪಾದ್ರಿ ಈ ಪದ್ಧತಿ ನಡೆಸಿ, 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಪುಸ್ತಕ ಹಾಕಿದರು. ಅಲ್ಲಿ ಅದು ಮದ್ರಾಸ್ ಪದ್ಧತಿ ಅಂತಲೇ ಹೆಸರಾಯಿತು.

ಹೊಗಳಿದ ಕೈಯೇ ತಪ್ಪನ್ನೂ ಬರೆದಿದೆ. ಪುಸ್ತಕದ ಭಾಷೆ ಹಳೆಯ ಪದ್ಯದ ಭಾಷೆ, ಮನೆಯಲ್ಲಿ ಆಡೋ ಭಾಷೆ ಬೇರೆ. ಹುಡುಗರು ರಾಶಿ ರಾಶಿ ಪದ್ಯ ಬಾಯಿಪಾಠ ಒಪ್ಪಿಸ್ತಾರೆ, ಅರ್ಥ ಕೇಳಿದರೆ ಮಾತು ಕಲಿತ ಗಿಣಿಗೆ ಎಷ್ಟು ಗೊತ್ತೋ ಅಷ್ಟೇ. ಇವತ್ತು ಆ್ಯಪ್‌ನಿಂದ ಬಂದ ಇಂಗ್ಲಿಷ್ ಉತ್ತರವನ್ನ ಅಕ್ಷರ ಬಿಡದೆ ಇಳಿಸೋ ಹುಡುಗನಿಗೂ ಆ ಗಿಣಿಗೂ ದೂರ ಬಹಳ ಇಲ್ಲ.

ಇನ್ನೊಂದು ಮಾತು ಅವರು ಬರೆದದ್ದು, ಕಂಪನಿ ಸರ್ಕಾರದ ಅಧಿಕಾರಿಯಾಗಿದ್ದುಕೊಂಡೇ. ಶಾಲೆಗಳು ಮುಚ್ಚಿಹೋಗ್ತಿರೋದು ಜನರ ಬಡತನದಿಂದ. ಇಂಗ್ಲೆಂಡಿನ ಬಟ್ಟೆ ಬಂದು ಇಲ್ಲಿನ ನೇಕಾರರ ಸಂಪಾದನೆ ಬಿತ್ತು. ಎಳೆಯ ಮಕ್ಕಳನ್ನೂ ಅಪ್ಪ ಅಮ್ಮ ದುಡಿಮೆಗೆ ಹಚ್ಚಬೇಕಾಯಿತು. ಮೊದಲು ಶಾಲೆ ಇದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಒಂದೂ ಇಲ್ಲ ಅಂತ.

ಇದನ್ನ ಕೇಳಿದರೆ ನಮ್ಮ ಕಡೆಯವರಿಗೆ ಗುಳೆ ನೆನಪಾಗುತ್ತೆ. ಕೂಡ್ಲಿಗಿ, ಹರಪನಹಳ್ಳಿ, ಹಡಗಲಿ ಕಡೆಯ ತಾಂಡಾಗಳಿಂದ, ಹಳ್ಳಿಗಳಿಂದ ಕಬ್ಬು ಕಡಿಯೋಕೆ, ಕಾಫಿ ತೋಟಕ್ಕೆ ಜನ ಹೋಗ್ತಾರೆ. ಮಗು ಅಜ್ಜಿ ಹತ್ರ. ರಾತ್ರಿ ಎಂಟಕ್ಕೆ ಲೆಕ್ಕ ತಿಳೀಲಿಲ್ಲ ಅಂದ್ರೆ ಯಾರನ್ನ ಕೇಳ್ಬೇಕು? ಅಜ್ಜಿಗೆ ಅಕ್ಷರ ಬರಲ್ಲ, ಮೇಷ್ಟ್ರು ಬಸ್ ಹತ್ತಿ ಊರಿಗೆ ಹೋಗಿದ್ದಾರೆ. ಕೈಲಿರೋದು ಫೋನ್. ಗುರುತಿಲ್ಲದವರನ್ನ ಕೇಳೋದನ್ನೆಲ್ಲ ಸೋಮಾರಿತನ ಅಂತ ಒಂದೇ ತಕ್ಕಡಿಗೆ ಹಾಕೋಕಾಗಲ್ಲ.

ಫೋನ್ ಎಷ್ಟು ಬೇಗ ಬಂತು ಅಂದ್ರೆ, ದೇಶದ ಹಳ್ಳಿಗಳ ಶಾಲಾ ಮಕ್ಕಳ ಮನೆಗಳಲ್ಲಿ 2018ರಲ್ಲಿ ಸ್ಮಾರ್ಟ್‌ಫೋನ್ ಇದ್ದದ್ದು ಶೇ. 36.5ರಷ್ಟರಲ್ಲಿ, 2021ಕ್ಕೆ ಶೇ. 67.6. ಇದು ಅಸರ್ ಸಮೀಕ್ಷೆಯ ಲೆಕ್ಕ. ನಡುವೆ ಕೊರೊನಾ ಬಂದು ಶಾಲೆ ಮುಚ್ಚಿತ್ತು, ಪಾಠ ಚಂದನ ಟಿವಿಗೆ, ವಾಟ್ಸ್‌ಆ್ಯಪ್‌ಗೆ ಬಂತು. ಮನೇಲಿ ಫೋನ್ ಇದ್ರೂ ಸುಮಾರು ಕಾಲುಭಾಗ ಮಕ್ಕಳ ಕೈಗೆ ಅದು ಸಿಗ್ತಿರಲಿಲ್ಲ ಅಂತಲೂ ಅದೇ ಸಮೀಕ್ಷೆ ಹೇಳಿತು.

ಅತ್ತ ಉತ್ತರ ಬರೆಯೋರು ಯಾರು? ಇಲ್ಲಿ ಕಥೆ ತಿರುಗುತ್ತೆ. ಅಮೆರಿಕದ ಚೆಗ್ ಕಂಪನಿಗೆ ಅಲ್ಲಿನ ಕಾಲೇಜು ಹುಡುಗರು ತಿಂಗಳಿಗೆ ಸುಮಾರು 15 ಡಾಲರ್ ಕಟ್ತಿದ್ರು. ಅವರ ಪ್ರಶ್ನೆಗೆ ಉತ್ತರ ಬರೆಯೋಕೆ ಭಾರತದಲ್ಲಿ 70,000ಕ್ಕೂ ಹೆಚ್ಚು ಮಂದಿ ಇದ್ದರು ಅಂತ ಫೋರ್ಬ್ಸ್ ಪತ್ರಿಕೆ 2021ರಲ್ಲಿ ಬರೆಯಿತು. ಓದಿದ, ಸರಿಯಾದ ಕೆಲಸ ಸಿಗದ ನಮ್ಮಂಥ ಹುಡುಗ್ರು, ಅಲ್ವಾ? ಅವರ ಹೋಮ್‌ವರ್ಕ್ ನಮ್ಮವರಿಗೆ ಕೂಲಿ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂತು. 2023ರ ಮೇ ತಿಂಗಳಲ್ಲಿ, ಇದರಿಂದ ನಮಗೆ ಹೊಡೆತ ಬೀಳ್ತಿದೆ ಅಂತ ಕಂಪನಿ ಹೇಳಿದ್ದೇ ತಡ, ಅದರ ಷೇರು ಒಂದೇ ದಿನದಲ್ಲಿ ಹತ್ತಿರತ್ತಿರ ಅರ್ಧಕ್ಕೆ ಬಿತ್ತು. ಕೇಳೋರು ಹಾಗೇ ಇದ್ದರು, ಹೇಳೋ ಮನುಷ್ಯನ ಜಾಗಕ್ಕೆ ಯಂತ್ರ ಬಂತು.

ಹಾಗಾದರೆ ಮಠದ ದೊಡ್ಡ ಹುಡುಗನಿಗೂ ಈ ಅಪರಿಚಿತನಿಗೂ ಏನು ವ್ಯತ್ಯಾಸ? ನಾನು ಓದಿದ್ದು ಬಿ.ಕಾಂ, ಅಕೌಂಟ್ಸ್ ಭಾಷೆಯಲ್ಲಿ ಹೇಳ್ತೀನಿ. ಬ್ಯಾಲೆನ್ಸ್ ಶೀಟ್‌ನ ಎರಡೂ ಕಡೆ ಟೋಟಲ್ ಕೂಡಿದರೆ ಸಾಕು ಅನ್ನೋನಿಗೆ ಉತ್ತರ ಸಾಕು. ಎಂಟ್ರಿ ಎಲ್ಲಿ ತಪ್ಪಿತು ಅಂತ ಹುಡುಕೋನಿಗೆ ದಾರಿ ಬೇಕು. ದೊಡ್ಡ ಹುಡುಗ ನಾಳೆ ಬೆಳಿಗ್ಗೆ ಮತ್ತೆ ಅದೇ ಜಗುಲಿ ಮೇಲೆ ಸಿಗ್ತಿದ್ದ, "ಎಲ್ಲಿ, ಈಗ ನೀನು ಬರಿ" ಅಂತಿದ್ದ. ಅಪರಿಚಿತ ನಾಳೆ ಕೇಳಲ್ಲ. ನಿಮಗೆ ಎಲ್ಲಿ ತಿಳಿಯಲಿಲ್ಲ ಅನ್ನೋದು ಅವನಿಗೆ ಬೇಕಾಗೂ ಇಲ್ಲ.

ಬೆಲೆ ಕಟ್ಟೋ ದಿನ ಬಂದೇ ಬರುತ್ತೆ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂತು. ರಾಜ್ಯದ ಫಲಿತಾಂಶ 2023ರ ಶೇ. 83.89ರಿಂದ ಶೇ. 73.40ಕ್ಕೆ ಇಳೀತು, ಅದೂ ಗ್ರೇಸ್ ಮಾರ್ಕ್ಸ್ ಹೆಚ್ಚಿಸಿದ ಮೇಲೆ. ಆ ಗ್ರೇಸ್ ಇಲ್ಲದ 2025ರ ಮೊದಲ ಪರೀಕ್ಷೆಯಲ್ಲಿ ಶೇ. 62.34. ಇದಕ್ಕೆ ಕಾರಣ ಹಲವು ಇರಬಹುದು. ಆದರೆ ಆ ಮೂರು ತಾಸು ಯಾರನ್ನೂ ಕೇಳೋಕಾಗಲ್ಲ ಅನ್ನೋದಂತೂ ಖಾತ್ರಿ.

ಕೇಳಬೇಡಿ ಅಂತ ನಾನು ಹೇಳಲ್ಲ. ಕೇಳಿ. ಫೋನಲ್ಲೇ ಕೇಳಿ. ಉತ್ತರ ಬಂದಮೇಲೆ ಫೋನ್ ಮಗುಚಿ ಇಟ್ಟು ಇನ್ನೊಮ್ಮೆ ನೀವೇ ಮಾಡಿ. ಆಮೇಲೆ ಪಕ್ಕದ ಮನೆಯ ಏಳನೇ ಕ್ಲಾಸ್ ಹುಡುಗಿಗೆ ಅದೇ ಲೆಕ್ಕ ಹೇಳಿಕೊಡಿ. ಕಲಿತದ್ದು ಗಟ್ಟಿಯಾಗೋ ಉಪಾಯ ನಮ್ಮ ಮಠಗಳಲ್ಲೂ ಇದ್ದದ್ದೇ, ಇಂಗ್ಲೆಂಡಿನವರೇ ಕಾಪಿ ಹೊಡೆದದ್ದು.

1825ರಲ್ಲಿ ಮದ್ರಾಸ್ ಸರ್ಕಾರದ ಅಧಿಕಾರಿಗಳು ಎಲ್ಲ ಉತ್ತರಗಳನ್ನ ಕೂಡಿಸಿದರು. ಇಡೀ ಪ್ರೆಸಿಡೆನ್ಸಿಯಲ್ಲಿ 12,498 ಶಾಲೆ, 1,88,650 ಮಕ್ಕಳು. ಅದರಲ್ಲಿ ಮಂಗಳೂರು, ಉಡುಪಿ, ಕಾರವಾರ, ಕಾಸರಗೋಡು ಇದ್ದ ಕೆನರಾದ ಲೆಕ್ಕವೇ ಇಲ್ಲ. ಆ ಕರಾವಳಿಯ ಮಠಗಳಲ್ಲಿ ಆಗ ಎಷ್ಟು ಮಕ್ಕಳು ಕೂತು ಅಕ್ಷರ ತಿದ್ದುತ್ತಿದ್ದರು ಅನ್ನೋದು ಆ ಪಟ್ಟಿಯಲ್ಲಿ ಸಿಗಲ್ಲ, ಯಾಕಂದ್ರೆ ಒಬ್ಬ ಕಲೆಕ್ಟರ್ ತನ್ನ ಹೋಮ್‌ವರ್ಕ್ ಮಾಡಲಿಲ್ಲ. ನಮ್ಮ 60 ಹುಡುಗಿಯರು ಮಾತ್ರ ಇವತ್ತಿಗೂ ಲೆಕ್ಕದಲ್ಲಿದ್ದಾರೆ.