ಕ್ಷೇತ್ರಕ್ಕೆ ಪ್ರಚಾರಕ್ಕೂ ಹೋಗದೆ ಸಂಸದೆ ಆದರಂತೆ! ನಿಜವೇ? ಕೆನಡಾದ ಬೆರ್ತಿಯೇ–ಮಾಸ್ಕಿನೋಂಜೆ ಕ್ಷೇತ್ರದ ಪೂರ್ತಿ ಕಥೆ

ಚುನಾವಣೆ ಹೊತ್ತಿಗೆ ಇಂಟರ್ನೆಟ್‌ನಲ್ಲಿ ಮತ್ತೆ ಮತ್ತೆ ತಲೆ ಎತ್ತುವ ಕಥೆಯೊಂದಿದೆ. ಕೆನಡಾದಲ್ಲಿ ಪಬ್ ಒಂದರಲ್ಲಿ ಕೆಲಸ ಮಾಡುತ್ತಿದ್ದ ಯುವತಿ ಚುನಾವಣೆಗೆ ನಾಮಪತ್ರ ಹಾಕಿ ಲಾಸ್ ವೇಗಸ್‌ಗೆ ಟೂರ್ ಹೋದಳಂತೆ. ಪ್ರಚಾರ ಮಾಡಲಿಲ್ಲ, ಕ್ಷೇತ್ರದ ಜನರ ಭಾಷೆಯೂ ಸರಿಯಾಗಿ ಬರುತ್ತಿರಲಿಲ್ಲ, ಆದರೂ ಗೆದ್ದಳಂತೆ. ಕೊನೆಗೆ ‘ಜನರಿಗೆ ಬುದ್ಧಿ ಇಲ್ಲ, ಎಲ್ಲ ದೇಶದಲ್ಲೂ ಇದೇ ಹಣೆಬರಹ’ ಎಂಬ ಮಾತು.

ಇದರಲ್ಲಿ ಎಷ್ಟು ನಿಜ, ಎಷ್ಟು ಅರ್ಧ ಸತ್ಯ? ನೋಡೋಣ ಬನ್ನಿ.

ಈ ಕ್ಷೇತ್ರ ಎಲ್ಲಿದೆ?

ಕ್ಷೇತ್ರದ ಹೆಸರು ಬೆರ್ತಿಯೇ–ಮಾಸ್ಕಿನೋಂಜೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ, ಸೇಂಟ್ ಲಾರೆನ್ಸ್ ನದಿಯ ಉತ್ತರ ದಂಡೆಯಲ್ಲಿ, ಮಾಂಟ್ರಿಯಲ್ ಮತ್ತು ಟ್ರುವಾ ರಿವಿಯೇರ್ ನಗರಗಳ ನಡುವೆ ಇದೆ. ಹೈನುಗಾರಿಕೆ, ಕೃಷಿ, ಸಣ್ಣ ಪಟ್ಟಣಗಳ ಪ್ರದೇಶ. ಫಾರ್ಮುಲಾ ಒನ್ ಚಾಲಕ ಗಿಲ್ ವಿಲ್‌ನವ್ ಬೆಳೆದ ಬೆರ್ತಿಯೇವಿಲ್ ಊರು ಇಲ್ಲೇ ಇದೆ. ನೂರಕ್ಕೆ 95ಕ್ಕೂ ಹೆಚ್ಚು ಜನರ ಮಾತೃಭಾಷೆ ಫ್ರೆಂಚ್.

1867ರಲ್ಲಿ ಕೆನಡಾ ಒಕ್ಕೂಟ ರಚನೆಯಾದಾಗ ಬೆರ್ತಿಯೇ ಮತ್ತು ಮಾಸ್ಕಿನೋಂಜೆ ಬೇರೆ ಬೇರೆ ಕ್ಷೇತ್ರಗಳಾಗಿದ್ದವು. 1920ರ ದಶಕದಲ್ಲಿ ಮೊದಲ ಬಾರಿ ಎರಡನ್ನೂ ಜೋಡಿಸಿದರು. ಆಮೇಲೆ ಹಲವು ಸಲ ಗಡಿ, ಹೆಸರು ಬದಲಾದವು. ಈಗಿನ ಕ್ಷೇತ್ರ 2003ರ ಮರುವಿಂಗಡಣೆಯಲ್ಲಿ ಹುಟ್ಟಿ, 2004ರಲ್ಲಿ ಮೊದಲ ಚುನಾವಣೆ ಕಂಡಿತು. 2004, 2006, 2008 ಮೂರು ಸಲವೂ ಗೆದ್ದವರು ಬ್ಲಾಕ್ ಕೆಬೆಕ್ವಾ ಪಕ್ಷದ ಗೀ ಆಂಡ್ರೆ. ಇದು ಕ್ವಿಬೆಕ್ ಪ್ರತ್ಯೇಕ ದೇಶವಾಗಬೇಕು ಎನ್ನುವ, ಕ್ವಿಬೆಕ್‌ನಲ್ಲಿ ಮಾತ್ರ ಸ್ಪರ್ಧಿಸುವ ಪಕ್ಷ.

2011ರಲ್ಲಿ ಏನಾಯಿತು?

ಆ ವರ್ಷ ಮೇ 2ರಂದು ಚುನಾವಣೆ. ನ್ಯೂ ಡೆಮಾಕ್ರಟಿಕ್ ಪಕ್ಷ, ಅಂದರೆ ಎನ್‌ಡಿಪಿ, ಇಲ್ಲಿ ನಿಲ್ಲಿಸಿದ್ದು 27 ವರ್ಷದ ರೂತ್ ಎಲೆನ್ ಬ್ರೊಸ್ಸೋ ಅವರನ್ನು. ಈಗ ಕಥೆಯ ಒಂದೊಂದೇ ಅಂಶ ನೋಡೋಣ.

• ಪಬ್‌ನಲ್ಲಿ ಕೆಲಸ: ನಿಜ. ಒಟ್ಟಾವಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಪಬ್‌ನಲ್ಲಿ ಸಹಾಯಕ ಮ್ಯಾನೇಜರ್ ಆಗಿದ್ದರು.

• ಲಾಸ್ ವೇಗಸ್ ಪ್ರವಾಸ: ನಿಜ. ಪ್ರಚಾರದ ದಿನಗಳಲ್ಲೇ ಹೋಗಿದ್ದರು.

• ಪ್ರಚಾರ ಮಾಡಲಿಲ್ಲ: ನಿಜ. ಪ್ರಚಾರಕ್ಕೆಂದು ಕ್ಷೇತ್ರಕ್ಕೆ ಹೋಗಲೇ ಇಲ್ಲ.

• ಫ್ರೆಂಚ್ ಬರುತ್ತಿರಲಿಲ್ಲ: ಅರ್ಧ ನಿಜ. ಆಗ ಅವರ ಫ್ರೆಂಚ್ ತುಂಬಾ ದುರ್ಬಲವಾಗಿತ್ತು. ಆದರೆ ಆಮೇಲೆ ಚೆನ್ನಾಗಿ ಕಲಿತರು.

• ನಾಮಪತ್ರವೇ ನಕಲಿ: ಗೆದ್ದ ಮೇಲೆ ನಾಮಪತ್ರದ ಸಹಿಗಳ ಬಗ್ಗೆ ಎದುರಾಳಿಗಳು ತಕರಾರು ಎತ್ತಿದ್ದು ನಿಜ. ಆದರೆ ಆಯ್ಕೆ ರದ್ದಾಗಲಿಲ್ಲ.

ಫಲಿತಾಂಶ: ಬ್ರೊಸ್ಸೋಗೆ ಶೇ. 40ರ ಹತ್ತಿರ ಮತ. ಹಾಲಿ ಸಂಸದ ಗೀ ಆಂಡ್ರೆ ಸುಮಾರು 5,800 ಮತಗಳಿಂದ ಸೋತರು.

ಪಕ್ಷ ಇಂಥವರನ್ನು ಯಾಕೆ ನಿಲ್ಲಿಸುತ್ತದೆ?

ಗೆಲ್ಲುವ ಆಸೆ ಇಲ್ಲದ ಕಡೆ ಹೆಸರಿಗೆ ಮಾತ್ರ ನಿಲ್ಲಿಸುವ ಅಭ್ಯರ್ಥಿಗೆ ಕ್ವಿಬೆಕ್ ಜನ ‘ಪೊತೋ’ ಅನ್ನುತ್ತಾರೆ. ಫ್ರೆಂಚ್‌ನಲ್ಲಿ ಈ ಪದಕ್ಕೆ ಕಂಬ ಎಂದರ್ಥ! ಹಿಂದಿನ ಚುನಾವಣೆಯಲ್ಲಿ ಎನ್‌ಡಿಪಿ ಇಡೀ ಕ್ವಿಬೆಕ್‌ನ 75 ಕ್ಷೇತ್ರಗಳಲ್ಲಿ ಗೆದ್ದಿದ್ದು ಒಂದೇ ಒಂದು. ಆದರೂ ರಾಷ್ಟ್ರೀಯ ಪಕ್ಷ ಅನ್ನಿಸಿಕೊಳ್ಳಬೇಕಾದರೆ ಎಲ್ಲ ಕಡೆ ಅಭ್ಯರ್ಥಿ ಬೇಕು. ಇನ್ನೊಂದು ಕಾರಣ ದುಡ್ಡು. ಆಗ ಕೆನಡಾದಲ್ಲಿ ಪಕ್ಷಗಳಿಗೆ ಸಿಕ್ಕ ಒಂದೊಂದು ಮತಕ್ಕೂ ವರ್ಷಕ್ಕೆ ಸುಮಾರು 2 ಡಾಲರ್ ಸರ್ಕಾರಿ ಅನುದಾನ ಸಿಗುತ್ತಿತ್ತು. ಸೋಲುವ ಕ್ಷೇತ್ರದ ಮತಕ್ಕೂ ಬೆಲೆ ಇತ್ತು. 2015ರ ಹೊತ್ತಿಗೆ ಈ ಅನುದಾನ ನಿಂತುಹೋಯಿತು.

ಅಭ್ಯರ್ಥಿ ಅದೇ ಕ್ಷೇತ್ರದ ನಿವಾಸಿ ಆಗಿರಬೇಕು ಎಂಬ ನಿಯಮ ಕೆನಡಾದಲ್ಲಿ ಇಲ್ಲ. ನಮ್ಮ ಲೋಕಸಭಾ ಚುನಾವಣೆಯಲ್ಲೂ ಇಲ್ಲ.

ಹಾಗಾದರೆ ಜನ ಕಣ್ಣು ಮುಚ್ಚಿ ಮತ ಹಾಕಿದರೇ?

ಇಲ್ಲ. ಅವರು ಮತ ಹಾಕಿದ್ದು ಪಕ್ಷಕ್ಕೆ, ಅದರ ನಾಯಕ ಜಾಕ್ ಲೇಟನ್‌ಗೆ. ಲೇಟನ್ ಕ್ವಿಬೆಕ್‌ನಲ್ಲೇ ಹುಟ್ಟಿದವರು, ಜನಸಾಮಾನ್ಯರ ಧಾಟಿಯ ಫ್ರೆಂಚ್ ಮಾತಾಡುವವರು. ಸೊಂಟದ ಶಸ್ತ್ರಚಿಕಿತ್ಸೆಯಾಗಿ ಊರುಗೋಲು ಹಿಡಿದೇ ಪ್ರಚಾರ ಮಾಡಿದರು. ಏಪ್ರಿಲ್‌ನಲ್ಲಿ ಕ್ವಿಬೆಕ್‌ನ ಜನಪ್ರಿಯ ಟಿವಿ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡು ಮನೆಮಾತಾದರು.

ಆ ಅಲೆಯಲ್ಲಿ ಎನ್‌ಡಿಪಿ ಕ್ವಿಬೆಕ್‌ನಲ್ಲಿ 1ರಿಂದ 59 ಸ್ಥಾನಕ್ಕೆ ಏರಿತು. ಬ್ಲಾಕ್ ಕೆಬೆಕ್ವಾ 4ಕ್ಕೆ ಕುಸಿಯಿತು. ಅದರ ನಾಯಕ ಗಿಲ್ ದ್ಯುಸೆಪ್ ಅವರೇ ಸ್ವಂತ ಕ್ಷೇತ್ರದಲ್ಲಿ ಸೋತರು. ಅಂದರೆ ಬೆರ್ತಿಯೇ–ಮಾಸ್ಕಿನೋಂಜೆಯಲ್ಲಿ ವಿಚಿತ್ರವಾದದ್ದೇನೂ ಆಗಲಿಲ್ಲ. ಇಡೀ ಪ್ರಾಂತ್ಯದಲ್ಲಿ ಆದದ್ದೇ ಅಲ್ಲೂ ಆಯಿತು.

ಇನ್ನೊಂದು ಮಾತು. ನಮ್ಮಲ್ಲಿ ಇರುವ ಹಾಗೆ ಅಲ್ಲೂ ಎಲ್ಲರಿಗಿಂತ ಒಂದು ಮತ ಹೆಚ್ಚು ಬಂದರೆ ಗೆಲುವು. ಅರ್ಧಕ್ಕಿಂತ ಹೆಚ್ಚು ಬೇಕಿಲ್ಲ. 2011ರಲ್ಲೂ ಹತ್ತರಲ್ಲಿ ಆರು ಮಂದಿ ಬ್ರೊಸ್ಸೋಗೆ ಮತ ಹಾಕಿರಲಿಲ್ಲ.

ಕಥೆ ಹೇಳುವವರು ಬಿಟ್ಟುಬಿಡುವ ಭಾಗ

ಅದೇ ವರ್ಷ ಆಗಸ್ಟ್ 22ರಂದು ಲೇಟನ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಅಲೆ ಎಬ್ಬಿಸಿದ ನಾಯಕನೇ ಇಲ್ಲ. ಬ್ರೊಸ್ಸೋ ಕಥೆ ಮುಗಿಯಿತು ಎಂದೇ ಹಲವರು ಅಂದುಕೊಂಡರು.

ಆದರೆ ಅವರು ಫ್ರೆಂಚ್ ಸುಧಾರಿಸಿಕೊಂಡರು, ಕ್ಷೇತ್ರದಲ್ಲಿ ಓಡಾಡಿದರು. ಹೈನುಗಾರರ ಕ್ಷೇತ್ರವಾದ್ದರಿಂದ ಕೃಷಿ ವಿಷಯವನ್ನೇ ಹಿಡಿದು ಸಂಸತ್ತಿನಲ್ಲಿ ಪಕ್ಷದ ಕೃಷಿ ವಕ್ತಾರೆಯಾದರು. ಆಹಾರ ವ್ಯರ್ಥವಾಗುವುದನ್ನು ತಡೆಯಲು ಮಸೂದೆಯನ್ನೂ ತಂದರು, ಅದು ಪಾಸಾಗಲಿಲ್ಲ.

ಮುಂದಿನ ಚುನಾವಣೆಗಳು ಹೀಗಿವೆ:

• 2015: ಕ್ವಿಬೆಕ್‌ನಲ್ಲಿ ಎನ್‌ಡಿಪಿ 59ರಿಂದ 16ಕ್ಕೆ ಇಳಿಯಿತು. ಆದರೆ ಬ್ರೊಸ್ಸೋ ಮತಪ್ರಮಾಣ ಶೇ. 42ಕ್ಕೆ ಏರಿತು. ಬ್ಲಾಕ್ ಅಭ್ಯರ್ಥಿ ಈವ್ ಪೆರೋನ್ ವಿರುದ್ಧ ಸುಮಾರು 8,900 ಮತಗಳ ಗೆಲುವು.

• 2019: ಬ್ಲಾಕ್ ಪಕ್ಷ 10ರಿಂದ 32 ಸ್ಥಾನಕ್ಕೆ ಚಿಗುರಿತು. ಎನ್‌ಡಿಪಿಗೆ ಕ್ವಿಬೆಕ್‌ನಲ್ಲಿ ಉಳಿದದ್ದು ಒಂದೇ ಸ್ಥಾನ. ಬ್ರೊಸ್ಸೋ ಸುಮಾರು 1,500 ಮತಗಳಿಂದ ಪೆರೋನ್‌ಗೆ ಸೋತರು.

• 2021: ಮತ್ತೆ ಅದೇ ಇಬ್ಬರ ಪೈಪೋಟಿ. ಪೆರೋನ್ ಗೆದ್ದರು, ಅಂತರ ಸಾವಿರಕ್ಕೂ ಕಡಿಮೆ.

• 2025: ಪೆರೋನ್‌ಗೆ ಮೂರನೇ ಗೆಲುವು.

ಗಮನಿಸಿ. 2011ರಲ್ಲಿ ಪಕ್ಷ ಅವರನ್ನು ಗೆಲ್ಲಿಸಿತು. 2015ರಲ್ಲಿ ಪಕ್ಷ ಮುಳುಗುತ್ತಿದ್ದಾಗ ಅವರು ತಮ್ಮ ಕೆಲಸದಿಂದ ಗೆದ್ದರು. 2019ರಲ್ಲಿ ಎದುರು ಅಲೆ ಎಷ್ಟು ಜೋರಾಗಿತ್ತೆಂದರೆ ಕೆಲಸವೂ ಪೂರ್ತಿ ಕಾಪಾಡಲಿಲ್ಲ. ಆದರೂ ಪ್ರಾಂತ್ಯದ ಹೆಚ್ಚಿನ ಕಡೆ ಅವರ ಪಕ್ಷ ಲೆಕ್ಕಕ್ಕೇ ಇಲ್ಲದಂತಾದಾಗ, ಇಲ್ಲಿ ಕೊನೆಯವರೆಗೂ ಪೈಪೋಟಿ ಇತ್ತು.

ಕೊನೆಯದಾಗಿ

‘ವೇಗಸ್‌ಗೆ ಹೋದವಳು ಗೆದ್ದಳು’ ಎಂಬುದು ಸುಳ್ಳಲ್ಲ. ಆದರೆ ಅದು 2011ರ ಒಂದು ದಿನದ ಕಥೆ. ಮತದಾರರು ದಡ್ಡರು ಎಂಬ ತೀರ್ಮಾನಕ್ಕೆ ಅದನ್ನು ಸಾಕ್ಷಿ ಮಾಡುವುದು ತಪ್ಪು. ಅದೇ ಮತದಾರರು ನಾಲ್ಕು ವರ್ಷ ಸಂಸದೆಯ ಕೆಲಸ ನೋಡಿ, ಹೆಚ್ಚು ಮತ ಕೊಟ್ಟು ಮತ್ತೆ ಕಳಿಸಿದರು. ಆಮೇಲೆ ಮನಸ್ಸು ಬದಲಿಸಿ ಇನ್ನೊಬ್ಬರನ್ನು ಆರಿಸಿದರು.

ಪಕ್ಷ ನೋಡಿ ಮತ ಹಾಕುವುದು ತಪ್ಪಲ್ಲ. ಆದರೆ ಅಲೆಯಲ್ಲಿ ಯಾರು ಬೇಕಾದರೂ ಗೆದ್ದು ಬರಬಹುದು, ಒಳ್ಳೆಯವರೂ ಬರಬಹುದು, ಕೆಲಸಕ್ಕೆ ಬಾರದವರೂ ಬರಬಹುದು. ಹಾಗಾಗಿ ಮತ ಹಾಕುವ ಮುನ್ನ ಅಭ್ಯರ್ಥಿಯ ಹೆಸರಾದರೂ ತಿಳಿದಿರಲಿ. ಗೆದ್ದ ಮೇಲೆ ಏನು ಮಾಡುತ್ತಿದ್ದಾರೆ ಎಂಬ ಮೇಲೂ ಒಂದು ಕಣ್ಣಿರಲಿ.

ಮುಂದಿನ ಸಲ ಈ ಕಥೆ ನಿಮ್ಮ ಗ್ರೂಪ್‌ಗೆ ಬಂದರೆ, 2015ರ ಫಲಿತಾಂಶವನ್ನೂ ಸೇರಿಸಿ ಕಳಿಸಿ.