ಇನ್ವರ್ಟರ್ ಇದ್ರೂ ಫ್ರಿಜ್ ಸುಟ್ಟಿದ್ದೇಕೆ?

ಮೇ ತಿಂಗಳ ಒಂದು ಸಂಜೆ, ಆರ್‌.ಟಿ. ನಗರದ ನಮ್ಮ ಮನೆ. ಗಾಳಿಗೆ ಮರದ ಕೊಂಬೆಯೊಂದು ಮುರಿದು ಬೀದಿ ತಂತಿ ಮೇಲೆ ಬಿತ್ತು. ವಿಚಿತ್ರ ಅಂದ್ರೆ ಕರೆಂಟು ಹೋಗಲಿಲ್ಲ! ಬಲ್ಬು ಕಣ್ಣು ಕುಕ್ಕುವಂತೆ ಉರಿಯಿತು, ಅಡುಗೆಮನೆಯಿಂದ ಸುಟ್ಟ ವಾಸನೆ ಬಂತು, ಫ್ರಿಜ್ ಕತೆ ಮುಗಿಯಿತು. ಲೈನ್‌ಮನ್ ಕಂಬದಿಂದ ಇಳಿದು ಹೇಳಿದ್ದು ಒಂದೇ ಮಾತು: 'ನ್ಯೂಟ್ರಲ್ ಕಟ್ ಸಾರ್.'

ಮನೆಯಲ್ಲಿ ಇನ್ವರ್ಟರ್ ಇತ್ತು ಸ್ವಾಮಿ. ಆದರೆ ಅದು ಹಳೇ ಶತ್ರುವಿಗೆ ಮಾಡಿಕೊಂಡ ತಯಾರಿ.

ಆ ಹಳೇ ಶತ್ರು ಯಾರು? 1902ರಲ್ಲಿ ಶಿವನಸಮುದ್ರದ ವಿದ್ಯುತ್ ಸುಮಾರು 147 ಕಿಲೋಮೀಟರ್ ಓಡಿ ಮೊದಲು ಸೇರಿದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ರ ಆಗಸ್ಟ್‌ನಲ್ಲಿ. ಯೋಜನೆಗೆ ಪಟ್ಟು ಹಿಡಿದಿದ್ದ ದಿವಾನ್ ಶೇಷಾದ್ರಿ ಅಯ್ಯರ್ ಎರಡನ್ನೂ ನೋಡಲಿಲ್ಲ, 1901ರಲ್ಲೇ ತೀರಿಕೊಂಡರು. ಆಮೇಲೆ ಜೋಗ, ಶರಾವತಿ. 1985ರಲ್ಲಿ ರಾಯಚೂರು ಶಾಖೋತ್ಪನ್ನ ಕೇಂದ್ರ ಶುರುವಾಗುವವರೆಗೆ ನಮ್ಮ ಕರೆಂಟು ಹೆಚ್ಚುಕಮ್ಮಿ ಪೂರ್ತಿ ನೀರಿನದ್ದೇ. ಮಳೆ ಕೈಕೊಟ್ಟರೆ ಲೋಡ್ ಶೆಡ್ಡಿಂಗ್! ಲಿಂಗನಮಕ್ಕಿಯಲ್ಲಿ ಎಷ್ಟು ಅಡಿ ನೀರಿದೆ ಅನ್ನೋದು ಬೆಂಗಳೂರಿನ ಮನೆಮಾತಾಗಿತ್ತು. ಯಲಹಂಕದಲ್ಲಿ ಡೀಸೆಲ್ ಸುಟ್ಟು ಕರೆಂಟು ತೆಗೆಯುವ ಕೇಂದ್ರ ಕಟ್ಟಿದ್ದೂ ಆ ಕೊರತೆಯ ಕಾಲದಲ್ಲೇ. ಈಗ ಅಲ್ಲಿ 370 ಮೆಗಾವಾಟ್‌ನ ಗ್ಯಾಸ್ ಸ್ಥಾವರವಿದೆ.

2012ರ ಜುಲೈ 30, 31ರಂದು ಉತ್ತರ ಭಾರತ ಕತ್ತಲಾಯಿತು. 60 ಕೋಟಿಗೂ ಹೆಚ್ಚು ಜನಕ್ಕೆ ಕರೆಂಟಿಲ್ಲ. ನಮ್ಮಲ್ಲಿ ದೀಪ ಉರೀತಾನೇ ಇತ್ತು, ಯಾಕಂದ್ರೆ ದಕ್ಷಿಣದ ಗ್ರಿಡ್ ಆಗ ಬೇರೆಯೇ ಲಯದಲ್ಲಿ ಓಡುತ್ತಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಮಾರ್ಗದ ಮೂಲಕ ಎರಡೂ ಒಂದಾದವು. ರಾಯಚೂರಿನಲ್ಲಿ ಕಡಿಮೆ ಬಿದ್ದರೆ ದೂರದ ರಾಜ್ಯದಿಂದ ತರಿಸಬಹುದು.

ಆದರೆ ಹೆಬ್ಬಾಳದ ನಿಮ್ಮ ಬೀದಿಯ ನ್ಯೂಟ್ರಲ್ ತಂತಿಗೆ ಯಾವ ರಾಷ್ಟ್ರೀಯ ಗ್ರಿಡ್ ಬರುತ್ತೆ ಹೇಳಿ? ಮನೆಗೆ ಬರೋದು 230 ವೋಲ್ಟ್, ಎರಡು ಫೇಸ್‌ಗಳ ನಡುವೆ ಇರೋದು 400ರ ಆಸುಪಾಸು. ನ್ಯೂಟ್ರಲ್ ಕಡಿದರೆ ಲೋಡ್ ಕಡಿಮೆ ಇರುವ ಮನೆಯಲ್ಲಿ ವೋಲ್ಟೇಜ್ ಆ 400ರ ಕಡೆ ಏರುತ್ತದೆ. ಎಂಸಿಬಿ ಹೆಚ್ಚು ಕರೆಂಟ್ ಹರಿದರೆ ಬೀಳುತ್ತೆ, ಹೆಚ್ಚು ವೋಲ್ಟೇಜಿಗಲ್ಲ. ಫ್ರಿಜ್ಜು, ವಾಷಿಂಗ್ ಮಷಿನ್ನು ಸಾಮಾನ್ಯವಾಗಿ ಇನ್ವರ್ಟರ್ ಲೈನಿನಲ್ಲಿ ಇರೋದೇ ಇಲ್ಲ. ಮೀಟರ್ ಪಕ್ಕ ವೋಲ್ಟೇಜ್ ಏರಿದರೂ ಇಳಿದರೂ ತಾನೇ ಕಡಿಯುವ ಒಂದು ಡಬ್ಬಿ ಹಾಕಿಸಿ. ಸಿಡಿಲಿನ ಹೊಡೆತಕ್ಕೆ ಸರ್ಜ್ ಪ್ರೊಟೆಕ್ಟರ್ ಬೇರೆ, ಜೀವಕ್ಕೆ ಆರ್‌ಸಿಸಿಬಿ ಬೇರೆ. ಒಂದರ ಕೆಲಸ ಇನ್ನೊಂದು ಮಾಡಲ್ಲ. ಬಲ್ಬು ಇದ್ದಕ್ಕಿದ್ದಂತೆ ಪ್ರಜ್ವಲಿಸಿದರೆ ಯೋಚನೆ ಮಾಡ್ತಾ ಕೂರಬೇಡಿ, ಮೇನ್ ಆಫ್ ಮಾಡಿ. ನಾನು ಮಾಡಲಿಲ್ಲ, ಬಲ್ಬನ್ನೇ ನೋಡ್ತಾ ನಿಂತಿದ್ದೆ.

ಇನ್ನು ಅರ್ಥಿಂಗ್. ನಮ್ಮ ತಂದೆ ಕಾಲದಲ್ಲಿ ಇದ್ದಿಲು, ಉಪ್ಪು ತುಂಬಿದ ಗುಂಡಿಗೆ ಬೇಸಿಗೆಯಲ್ಲಿ ಒಂದು ಬಿಂದಿಗೆ ನೀರು ಹಾಕೋದು ಮನೆಕೆಲಸವಾಗಿತ್ತು. ಒಣಗಿದ ಮಣ್ಣು ಕರೆಂಟನ್ನು ಸರಿಯಾಗಿ ಇಳಿಸಲ್ಲ. ರಿಪೇರಿಗೆ ಬಂದ ಎಲೆಕ್ಟ್ರಿಷಿಯನ್ ನಮ್ಮ ಗುಂಡಿ ಎಲ್ಲಿ ಅಂತ ಕೇಳಿದ. ಅರ್ಧ ಗಂಟೆ ಹುಡುಕಿದೆವು. ಕಾರು ನಿಲ್ಲಿಸುವ ಜಾಗದ ಟೈಲ್ಸ್ ಕೆಳಗಿತ್ತು.