ಬಿಲ್ಲನ್ನು ಆರಿಸುವ ವಿಚಾರ

ಹಳೆಯ ಮಾದರಿಯ ಬಿಲ್ಲೊಂದನ್ನು ಕೊಂಡು ಬಿಲ್ವಿದ್ಯೆಯನ್ನು ಕಲಿಯಬೇಕೆಂಬ ಆಸೆಯುಳ್ಳವರು ಪಟ್ಟಣಗಳಲ್ಲಿ ಈಗಲೂ ಇದ್ದಾರೆ. ಅಂಗಡಿಗೆ ಹೋದವರು ಸಾಮಾನ್ಯವಾಗಿ ಮೊದಲು ಕೇಳುವುದು, ಎಲ್ಲಕ್ಕಿಂತ ಬಲವಾದ ಬಿಲ್ಲು ಯಾವುದು ಎಂಬುದನ್ನು. ಚರಿತ್ರೆಯನ್ನು ನೋಡಿದರೆ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೊಂದಿದೆ: ಎಯ್ಯುವವನು ನೆಲದ ಮೇಲೆ ನಿಲ್ಲುವನೋ, ಕುದುರೆಯ ಮೇಲೆ ಕೂಡುವನೋ? ನಮ್ಮ ನಾಡಿನ ದೊಡ್ಡ ರಾಜ್ಯವೊಂದು ಈ ಪ್ರಶ್ನೆಯನ್ನು ತಡವಾಗಿ ಕೇಳಿಕೊಂಡು ಕಷ್ಟಕ್ಕೆ ಸಿಕ್ಕಿತು. ಆ ಸಂಗತಿಯನ್ನು ಹೇಳಬೇಕೆಂದಿದ್ದೇವೆ.

ವಾಡಿಯಿಂದ ಸಿಕಂದರಾಬಾದಿಗೆ ೧೮೭೪ರಲ್ಲಿ ತೆರೆದ ರೈಲುದಾರಿಯಲ್ಲಿ ಪೂರ್ವಕ್ಕೆ ಹೊರಟರೆ, ಚಿತ್ತಾಪುರವನ್ನು ದಾಟಿದ ಮೇಲೆ ಸೇಡಂ ಬರುವುದಕ್ಕೆ ಮೊದಲು ಮಳಖೇಡದ ನಿಲ್ದಾಣವು ಸಿಕ್ಕುವುದು. ಕಾಗಿಣಾ ನದಿಯ ದಡದ ಆ ಊರೇ ರಾಷ್ಟ್ರಕೂಟರ ಮಾನ್ಯಖೇಟ. ಹತ್ತನೆಯ ಶತಮಾನದ ಅರಬ್ಬೀ ಗ್ರಂಥಕಾರ ಅಲ್ ಮಸೂದಿಯು ಈ ರಾಜರಿಗೆ ಕುದುರೆಗಳೂ ಆನೆಗಳೂ ಬಹಳವಾಗಿದ್ದರೂ ರಾಜಧಾನಿಯು ಬೆಟ್ಟಗಳ ನಡುವೆ ಇರುವುದರಿಂದ ಸೈನ್ಯದಲ್ಲಿ ಕಾಲಾಳುಗಳೇ ಹೆಚ್ಚೆಂದು ಬರೆದಿದ್ದಾನೆ. ಮಳಖೇಡದ ಸುತ್ತಣ ಕಪ್ಪು ಹೊಲಗಳನ್ನು ಕಂಡವರಿಗೆ ಈ ಬೆಟ್ಟಗಳ ಮಾತು ನಗೆ ತರಿಸೀತು. ಗುಡ್ಡ ಕಾಡುಗಳನ್ನು ನೋಡಬೇಕಾದರೆ ಚಿಂಚೋಳಿಯ ಕಡೆಗೆ ಹೋಗಬೇಕು. ಕಾರಣವು ಹೇಗೇ ಇರಲಿ, ಕಾಲಾಳುಗಳ ಮಾತನ್ನು ನಾವು ನಂಬಬಹುದು.

ಕಾಲಾಳಿನ ಬಿಲ್ಲು ಎಂತಹುದು? ಗ್ರೀಕ್ ಗ್ರಂಥಕಾರ ಅರಿಯನ್ ಭಾರತೀಯರ ಬಿಲ್ಲು ಎಯ್ಯುವವನಷ್ಟೇ ಎತ್ತರವಿತ್ತೆಂದೂ, ಅದನ್ನು ನೆಲಕ್ಕೆ ಊರಿ ಎಡಗಾಲಿನಿಂದ ಒತ್ತಿ ಹೆದೆಯನ್ನು ಎಳೆಯುತ್ತಿದ್ದರೆಂದೂ, ಬಾಣವು ಮೂರು ಮೊಳಕ್ಕೆ ಸ್ವಲ್ಪವೇ ಕಡಮೆಯೆಂದೂ, ಗುರಾಣಿಯಾಗಲಿ ಕವಚವಾಗಲಿ ಅದನ್ನು ತಡೆಯಲಾರದೆಂದೂ ಹೇಳುತ್ತಾನೆ. ಬಲಕ್ಕೆ ಇದಕ್ಕಿಂತ ಹೆಚ್ಚಿನ ಪ್ರಶಂಸೆ ಬೇಕೆ? ಆದರೂ ಕ್ರಿ. ಪೂ. ೩೨೬ರಲ್ಲಿ ಜೇಲಮ್ ನದಿಯ ದಡದಲ್ಲಿ ಪೌರವನ ಬಿಲ್ಲಾಳುಗಳು ಮಳೆಯಿಂದ ಜಾರುವ ನೆಲದಲ್ಲಿ ಬಿಲ್ಲನ್ನು ಊರಲಾರದೆ ಹೋದರೆಂದು ಕರ್ಟಿಯಸನು ತಿಳಿಸುತ್ತಾನೆ. ಮಳೆಗಾಲದಲ್ಲಿ ಸೇಡಮ್ಮಿನ ಎರೆಮಣ್ಣನ್ನು ತುಳಿದವರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಕೌಟಿಲ್ಯನ ಅರ್ಥಶಾಸ್ತ್ರವು ಆಯುಧಾಗಾರದ ಬಿಲ್ಲುಗಳನ್ನು ತಾಳೆ, ಬಿದಿರು, ಮರ, ಕೊಂಬು ಎಂದು ನಾಲ್ಕು ಬಗೆಯಾಗಿ ಎಣಿಸುತ್ತದೆ. ಕೊಂಬಿನದಕ್ಕೆ ಸಂಸ್ಕೃತದಲ್ಲಿ ಶಾರ್ಙ್ಗವೆಂದು ಹೆಸರು. ನಡುಗನ್ನಡ ಕಾವ್ಯಗಳ ಸಿಂಗಾಡಿಯೂ ಇದೇ ಕೊಂಬಿನ ನೆನಪನ್ನು ಉಳಿಸಿಕೊಂಡಿರುವಂತೆ ತೋರುವುದು. ಆದುದರಿಂದ ಕೊಂಬಿನ ಬಿಲ್ಲು ತುರುಕರೊಡನೆಯೇ ಮೊದಲು ಈ ದೇಶಕ್ಕೆ ಬಂದಿತೆಂಬ ಮಾತು ನಿಲ್ಲುವುದಿಲ್ಲ. ಅವರಿಂದ ಬಂದುದು ಒಳ್ಳೆಯ ಕುದುರೆ, ಆ ಕುದುರೆಯ ಮೇಲಿನಿಂದ ಎಯ್ಯುವ ಅಭ್ಯಾಸ.

ಕುದುರೆಯ ಮೇಲೆ ಆಳೆತ್ತರದ ಬಿಲ್ಲು ನಡೆಯದು; ಅದು ಕುದುರೆಯ ಕತ್ತಿಗೂ ಸವಾರನ ತೊಡೆಗೂ ತಗಲುವುದು. ಬಿಲ್ಲು ಗಿಡ್ಡಾಗಬೇಕು, ಎಳೆತ ಮಾತ್ರ ಕಿವಿಯವರೆಗೂ ಬರಬೇಕು. ಬರಿಯ ಮರವು ಇದನ್ನು ತಾಳದೆ ಮುರಿಯುತ್ತದೆ. ಅದಕ್ಕಾಗಿ ನಡುವೆ ಮರದ ತಿರುಳನ್ನಿಟ್ಟು, ಎಯ್ಯುವವನ ಕಡೆಗೆ ಎಮ್ಮೆಯ ಕೊಂಬಿನ ಪಟ್ಟಿಯನ್ನೂ ಹೊರಗಡೆಗೆ ಪ್ರಾಣಿಗಳ ನರದ ಎಳೆಗಳನ್ನೂ ಸರೇಸಿನಿಂದ ಅಂಟಿಸಿ, ತಿಂಗಳುಗಟ್ಟಲೆ ಒಣಗಿಸಿ ಬಿಲ್ಲನ್ನು ಕಟ್ಟುತ್ತಿದ್ದರು. ಕೊಂಬು ಒತ್ತನ್ನು ತಾಳುತ್ತದೆ, ನರವು ಸೆಳೆತವನ್ನು ತಾಳುತ್ತದೆ. ಹೆದೆಯನ್ನು ಬಿಚ್ಚಿದರೆ ಇಂತಹ ಬಿಲ್ಲು ಎದುರುಮುಖವಾಗಿ ಹೊರಳಿ ಏಡಿಯ ಕೊಂಡಿಗಳಂತೆ ಮುದುರಿಕೊಳ್ಳುವುದು. ಇದೇ ಮರುಬಾಗಿನ ಬಿಲ್ಲು. ಇದಕ್ಕೂ ಶತ್ರುವುಂಟು: ತೇವ. ಸರೇಸು ಸಡಿಲವಾದರೆ ಬಿಲ್ಲು ಕೆಟ್ಟಿತೆಂದೇ ತಿಳಿಯಬೇಕು.

ಕ್ರಿ. ಶ. ೧೩೪೭ರಲ್ಲಿ ಬಹಮನಿ ರಾಜ್ಯವು ಹುಟ್ಟಿ, ಕಲಬುರಗಿಯು ಅದರ ರಾಜಧಾನಿಯಾಯಿತು. ಶಹಾಬಾದ, ಚಿತ್ತಾಪುರಗಳ ಸೀಮೆಯು ಅದರ ಮಗ್ಗುಲಲ್ಲಿಯೇ ಇದೆ. ವಿಜಯನಗರದವರು ಈ ನೆರೆಯವರೊಡನೆ ಮತ್ತೆ ಮತ್ತೆ ಕಾದಿ, ಹಲವು ಸಲ ಸೋತರು. ವಿಜಾಪುರದ ಆಸ್ಥಾನದಲ್ಲಿದ್ದ ಫೆರಿಸ್ತನು ಹೇಳುವಂತೆ, ಇಮ್ಮಡಿ ದೇವರಾಯನು (ಆಳ್ವಿಕೆ ೧೪೨೪–೧೪೪೬) ಸಭೆ ಕೂಡಿಸಿ ಇದರ ಕಾರಣವನ್ನು ಕೇಳಿದನು. ಶತ್ರುಗಳ ಕುದುರೆಗಳು ಹೆಚ್ಚು ಕಸುವುಳ್ಳವೆಂದೂ, ಅವರಲ್ಲಿ ನುರಿತ ಬಿಲ್ಲಾಳುಗಳು ಬಹಳವೆಂದೂ ಉತ್ತರ ಬಂದಿತು. ರಾಯನು ಮುಸಲ್ಮಾನ ಯೋಧರನ್ನು ಸೇರಿಸಿಕೊಂಡು, ಜಹಗೀರಿಗಳನ್ನು ಕೊಟ್ಟು, ಅವರಿಗಾಗಿ ಮಸೀದಿಯನ್ನು ಕಟ್ಟಿಸಿ, ತನ್ನ ಹಿಂದೂ ಸೈನಿಕರಿಗೂ ಬಿಲ್ವಿದ್ಯೆಯನ್ನು ಕಲಿಸಿದನು. ೨,೦೦೦ ಮುಸಲ್ಮಾನರೂ ೬೦,೦೦೦ ಹಿಂದೂಗಳೂ ಬಿಲ್ಲಿನಲ್ಲಿ ನುರಿತರು ಎಂಬುದು ಫೆರಿಸ್ತನ ಲೆಕ್ಕ. ಒಂದೂವರೆ ಶತಮಾನದ ಮೇಲೆ ಬರೆದವನ ಅಂಕೆಗಳನ್ನು ನಾವು ಎಣಿಸಿದಂತೆಯೇ ಒಪ್ಪಬೇಕಾಗಿಲ್ಲ. ಸಂಗತಿಯು ಮಾತ್ರ ಕಟ್ಟುಕಥೆಯಲ್ಲ: ರಾಯನ ಸೇವೆಯಲ್ಲಿದ್ದ ಅಹಮದ ಖಾನನು ೧೪೩೯ರಲ್ಲಿ ಕಟ್ಟಿಸಿದ ಕಟ್ಟಡವು ಶಾಸನಸಮೇತವಾಗಿ ಹಂಪೆಯಲ್ಲಿ ನಿಂತಿದೆ.

೧೪೪೩ರಲ್ಲಿ ಈ ಹೊಸ ಸೈನ್ಯವು ತುಂಗಭದ್ರೆಯನ್ನು ದಾಟಿತು. ಮುದಗಲ್ಲು ಕೈವಶವಾಯಿತು, ಭೀಮೆಯ ಈ ಸೀಮೆಗೆ ದೂರವಲ್ಲದ ಸಗರದವರೆಗೆ ಧಾಳಿ ನಡೆಯಿತು. ಫೆರಿಸ್ತನ ಪ್ರಕಾರ ಎರಡು ತಿಂಗಳಲ್ಲಿ ಮೂರು ಕಾಳಗಗಳಾದುವು. ಮೊದಲನೆಯದರಲ್ಲಿ ವಿಜಯನಗರದ ಕೈ ಮೇಲಾಯಿತು, ಮೂರನೆಯದರಲ್ಲಿ ರಾಯನ ಹಿರಿಯ ಮಗನು ಮಡಿದನು, ಕೊನೆಗೆ ಸಂಧಿಯಾಯಿತು. ಬಿಲ್ಲನ್ನು ಬದಲಾಯಿಸಿದುದು ತಪ್ಪಲ್ಲವೆಂದೇ ನಮ್ಮ ಅಭಿಪ್ರಾಯ. ನೆರೆಯವರು ತಲೆಮಾರುಗಳಿಂದ ಕುದುರೆಯ ಮೇಲೆ ಬೆಳೆಸಿಕೊಂಡಿದ್ದ ಕೈವಾಡವನ್ನು ಕೆಲವೇ ವರ್ಷಗಳಲ್ಲಿ ತುಂಬಿಕೊಳ್ಳುವುದು ಕಷ್ಟವಾಗಿತ್ತು.

ಇನ್ನು ಇಂದು ಕೊಳ್ಳುವವರ ವಿಚಾರ. ಈಗ ಗಾಜಿನ ನಾರಿನ ಪಟ್ಟಿಗಳಿಂದ ಮಾಡಿದ ಮರುಬಾಗಿನ ಬಿಲ್ಲುಗಳು ದೊರೆಯುತ್ತವೆ. ಅವುಗಳಿಗೆ ತೇವದ ಭಯವು ಅಷ್ಟಾಗಿ ಇಲ್ಲ. ಬಿಲ್ಲಿನ ಮೇಲೆ ೨೮ ಅಂಗುಲ ಎಳೆದಾಗಿನ ಭಾರವನ್ನು ಪೌಂಡುಗಳಲ್ಲಿ ಗುರುತಿಸಿರುವುದು ವಾಡಿಕೆ. ಹೊಸಬರಿಗೆ ೨೫ರಿಂದ ೩೦ ಪೌಂಡು ಸಾಕು. ಆರಂಭದಲ್ಲಿಯೇ ೫೦ ಪೌಂಡಿನದನ್ನು ಹಿಡಿದವರ ಕೈ ನಡುಗುವುದನ್ನು ಕಲಿಯುವುದೇ ಹೊರತು ಗುರಿಯನ್ನಲ್ಲ. ಹೆಬ್ಬೆರಳಿನ ಉಂಗುರದಿಂದ ಎಳೆಯುವ ಬಲಗೈಯವರು ಬಾಣವನ್ನು ಬಿಲ್ಲಿನ ಬಲಗಡೆಗೆ ಇಡಬೇಕು. ಮೂರು ಬೆರಳುಗಳಿಂದ ಎಳೆಯುವವರು ಎಡಗಡೆಗೆ.

ಅಂಬಿನ ಆಯ್ಕೆಯು ಬಿಲ್ಲಿನದಕ್ಕಿಂತ ಸೂಕ್ಷ್ಮವಾದುದು. ಶರವೆಂಬುದು ಮೊದಲು ಒಂದು ಜೊಂಡುಹುಲ್ಲಿನ ಹೆಸರು. ಕೌಟಿಲ್ಯನ ಪಟ್ಟಿಯಲ್ಲಿ ಬಿದಿರಿನ ಬಾಣದ ಪಕ್ಕದಲ್ಲಿ ಅದೂ ಇದೆ. ಹೆದೆಯನ್ನು ಬಿಟ್ಟೊಡನೆ ಬಾಣದ ಕಡ್ಡಿಯು ಬಿಲ್ಲನ್ನು ಬಳಸಿಕೊಂಡು ಬಳುಕಿ ಮುಂದೆ ಸಾಗುತ್ತದೆ. ಬಿಲ್ಲಿನ ಬಲಕ್ಕೆ ಕಡ್ಡಿಯು ಮೀರಿ ಬಿರುಸಾದರೆ ಒಂದು ಪಕ್ಕಕ್ಕೂ, ಮೆತ್ತಗಾದರೆ ಇನ್ನೊಂದು ಪಕ್ಕಕ್ಕೂ ಹೋಗುವುದು. ಬಹಳ ಹಗುರವಾದ ಬಾಣವನ್ನು ಹೂಡಿದರೆ ಬಿಲ್ಲಿನ ಬಲವು ಬಿಲ್ಲಿಗೇ ಮರಳಿ ಅದನ್ನು ಸೀಳಬಹುದು. ಆದುದರಿಂದ ಮೊದಲು ಬಿಲ್ಲು, ಬಳಿಕ ತನ್ನ ಎಳೆತದ ಅಳತೆ, ಅನಂತರವೇ ಅಂಬು. ಒಂದೇ ಬಾಣದ ಮೂರು ಗರಿಗಳು ರೆಕ್ಕೆಯ ಒಂದೇ ಪಕ್ಕದವಾಗಿರಬೇಕು. ಕಡ್ಡಿಯು ನೆಟ್ಟಗಿದೆಯೇ ಎಂದು ತಿಳಿಯಲು ಗರಿಯು ನೆಲಕ್ಕೆ ತಗಲದಂತೆ ಅದನ್ನು ಶಹಾಬಾದಿನ ನುಣುಪು ಕಲ್ಲುಹಾಸಿನ ಮೇಲೆ ಉರುಳಿಸಿದರೆ ಸಾಕು. ಡೊಂಕಿದ್ದರೆ ಕುಣಿಯುತ್ತ ಹೋಗುತ್ತದೆ.